ಬಟ್ಟೆ ಪಾಕ್ ಆಯಿತು, ಒಣಗಿತೇ?

ಜುಲೈ ಹಿಡಿಯಿತೆಂದರೆ ನಮ್ಮ ಕರಾವಳಿಯ ಕ್ಲಿನಿಕ್‌ಗಳಲ್ಲಿ ಹುಳುಕಡ್ಡಿಯವರ ಸಾಲು ಶುರುವಾಗುತ್ತದೆ. ಸೊಂಟದ ಸುತ್ತ, ತೊಡೆಸಂದಿನಲ್ಲಿ, ಎದೆಯ ಕೆಳಗಿನ ಮಡಿಕೆಯಲ್ಲಿ ಉಂಗುರದಂಥ ಕೆಂಪು ಕಲೆ, ಅಂಚಿನಲ್ಲಿ ತುರಿಕೆ. ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಮೂರನೇ ಸಲ ಬಂದರು. ಮೊದಲು ಗಂಡನಿಗಿತ್ತು, ಬಳಿಕ ಮಗನಿಗೆ, ಈಗ ಅವರಿಗೆ. ಮದ್ದು ಕೊಟ್ಟಾಗ ಕಡಿಮೆಯಾಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ಏಳುತ್ತದೆ.

"ಬಟ್ಟೆ ಹೇಗೆ ಒಣಗಿಸುತ್ತೀರಿ?" ಎಂದು ಕೇಳಿದೆ.

"ಮೂರು ನೀರು ಬದಲಿಸಿ ಜಾಲಾಡ್ತೇನೆ ಡಾಕ್ಟ್ರೇ, ನಮಾಝಿಗೆ ಉಡುವ ಬಟ್ಟೆ ಅಲ್ವಾ?"

"ಒಗೆಯುವುದನ್ನು ಕೇಳಲಿಲ್ಲ ತಂಗಿ, ಒಣಗಿಸುವುದನ್ನು."

ಆಗ ಅವರು ಸುಮ್ಮನಾದರು. ನಮ್ಮ ಮನೆಗಳಲ್ಲಿ ಬಟ್ಟೆ ಪಾಕ್ ಆಗಿರಬೇಕೆಂಬ ಎಚ್ಚರ ಚಿಕ್ಕಂದಿನಿಂದಲೇ ಬರುತ್ತದೆ. ಅದು ದೊಡ್ಡ ಭಾಗ್ಯ. ಆದರೆ ಪಾಕ್ ಆದ ಬಟ್ಟೆಯೂ ಅರೆ ಒದ್ದೆಯಾಗಿ ಮೈಮೇಲೆ ಕೂತರೆ ಚರ್ಮಕ್ಕೆ ತೊಂದರೆ ತಪ್ಪಿದ್ದಲ್ಲ. ಹುಳುಕಡ್ಡಿ ಎಂಬ ಹೆಸರಿದ್ದರೂ ಅದು ಹುಳುವಲ್ಲ, ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದ್ದು. ಯುನಾನಿ ಗ್ರಂಥಗಳಲ್ಲಿ ಇದಕ್ಕೆ ಕೂಬಾ ಎಂದು ಹೆಸರು. ಇದರ ಸೂಕ್ಷ್ಮ ಬೀಜಕಣಗಳು ಬಟ್ಟೆ, ಟವೆಲು, ಹಾಸಿಗೆ ಹೊದಿಕೆಗಳಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ತಣ್ಣೀರಿನಲ್ಲಿ ಒಗೆದರೆ ಕೊಳೆ ಹೋಗುತ್ತದೆ, ಇವು ಪೂರ್ತಿ ಹೋಗುವುದಿಲ್ಲ. ಒಬ್ಬರ ಬಟ್ಟೆಯಿಂದ ಇನ್ನೊಬ್ಬರ ಬಟ್ಟೆಗೂ ದಾಟಬಹುದು.

ಆ ಮನೆಗೆ ನಾನು ಹೋಗಬೇಕಾಗಿ ಬಂದದ್ದು ಹಾಸಿಗೆ ಹಿಡಿದಿದ್ದ ಅವರ ಅತ್ತೆಯನ್ನು ನೋಡಲು. ಹೋದವನು ಹಿತ್ತಿಲ ಕಡೆಯ ಒಗೆಯುವ ಮೂಲೆಯನ್ನೂ ನೋಡಿದೆ. ಅಡುಗೆಮನೆಯ ಹಿಂದೆ ನಾಲ್ಕಡಿ ಅಗಲ, ಆರಡಿ ಉದ್ದದ ಜಾಗ. ಮೂರು ಕಡೆ ಕೆಂಪುಕಲ್ಲಿನ ಗೋಡೆ, ಮೇಲೆ ತಗಡಿನ ಮಾಡು. ಹಗಲಿನಲ್ಲೂ ಬಲ್ಬು ಉರಿಯಬೇಕು. ಗೋಡೆ ಸೊಂಟದೆತ್ತರದವರೆಗೆ ಕಪ್ಪು ಹಸಿರು. ಮುಚ್ಚಳ ಮುಚ್ಚಿದ ಸೆಮಿ ಆಟೊಮ್ಯಾಟಿಕ್ ಮೆಷಿನ್, ಪಕ್ಕದಲ್ಲಿ ನಿನ್ನೆ ರಾತ್ರಿ ನೆನೆಹಾಕಿದ ಬಕೆಟು. ಮೇಲೆ ಗೇಣು ಅಂತರವೂ ಇಲ್ಲದ ನಾಲ್ಕು ಹಗ್ಗಗಳು, ಅವುಗಳ ಮೇಲೆ ಒಂದರ ಮೇಲೊಂದು ಬಟ್ಟೆ. ಮೂರು ದಿನವಾದರೂ ಒಣಗಿಲ್ಲ, ಮುಗ್ಗಲು ವಾಸನೆ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎನ್ನುವ ಆ ಪಟ್ಟಿಯಲ್ಲಿ ಮೊದಲನೆಯದು ಗಾಳಿ. ಆ ಮೂಲೆಯಲ್ಲಿ ಇಲ್ಲದಿದ್ದದ್ದೂ ಅದೇ. ನಾನು ಬರೆದುಕೊಟ್ಟ ಮುಲಾಮಿಗಿಂತ ಹೆಚ್ಚಿನ ಕೆಲಸ ಅಲ್ಲಿ ಬಾಕಿ ಇತ್ತು.

ಹೊಸ ಕೋಣೆ ಕಟ್ಟಿಸಲು ಹಣವಿರಲಿಲ್ಲ. ಗಂಡ ಮೀನು ಮಾರುಕಟ್ಟೆಯಲ್ಲಿ ದುಡಿಯುವವರು. ಹಾಗಾಗಿ ಮೊದಲು ಖರ್ಚಿಲ್ಲದ ಕೆಲಸ. ಅಲ್ಲಿದ್ದ ಹಳೆ ಚಪ್ಪಲಿ, ಒಡೆದ ಬಕೆಟು, ಖಾಲಿ ಡಬ್ಬ, ಗೋಣಿಚೀಲ ಎಲ್ಲ ಹೊರಗೆ. ಅರ್ಧ ಜಾಗ ಅಲ್ಲೇ ಸಿಕ್ಕಿತು! ಗೋಡೆಯ ಬೂಷ್ಟನ್ನು ಒಣಗಿದ್ದಾಗ ಕೆರೆದರೆ ಅದರ ಪುಡಿ ಮೂಗಿಗೆ ಹೋಗುತ್ತದೆ. ಉಬ್ಬಸ ಇರುವವರು ಆ ಕೆಲಸಕ್ಕೆ ಇಳಿಯಲೇಬಾರದು. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಸಾಬೂನು ನೀರು ಚಿಮುಕಿಸಿ ಒದ್ದೆ ಮಾಡಿ ಉಜ್ಜಿದರು. ಮಳೆ ನಾಲ್ಕು ದಿನ ಬಿಟ್ಟಾಗ ಗೋಡೆ ಒಣಗಿಸಿ ಸುಣ್ಣ ಬಳಿದರು. ಬಣ್ಣಕ್ಕಿಂತ ಸುಣ್ಣ ಅಗ್ಗ. ಅದರ ಕ್ಷಾರಗುಣಕ್ಕೆ ಬೂಷ್ಟು ಬೇಗ ಹಿಡಿಯುವುದಿಲ್ಲ, ಗೋಡೆಯೊಳಗಿನ ತೇವ ಹೊರಹೋಗಲೂ ಅಡ್ಡಿಯಿಲ್ಲ. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ನಂತರ ಬೆಳಕು. ಮಾಡಿನ ಒಂದು ತಗಡು ತೆಗೆದು ಅಲ್ಲಿಗೆ ಬೆಳಕು ಹಾಯುವ ಫೈಬರ್ ಶೀಟ್ ಹಾಕಿಸಿದರು. ಗೋಡೆಯ ಮೇಲ್ಭಾಗದಲ್ಲಿ ಎರಡು ಕಲ್ಲು ಬಿಡಿಸಿ, ಸೊಳ್ಳೆ ಪರದೆ ಹೊಡೆದರು. ಎದುರಿನ ಬಾಗಿಲು ಹಗಲು ತೆರೆದಿಟ್ಟರೆ ಗಾಳಿ ಅಡ್ಡಹಾಯುತ್ತದೆ. ನಾಲ್ಕು ಹಗ್ಗದ ಬದಲು ಮೇಲೆಳೆಯುವ ರಾಟೆಯ ಸ್ಟ್ಯಾಂಡ್, ಸರಳಿನಿಂದ ಸರಳಿಗೆ ಒಂದು ಗೇಣು. ಮೆಷಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟರು. ನೆಲಕ್ಕೆ ಮೋರಿಯ ಕಡೆ ಇಳಿಜಾರು ಇರಲಿಲ್ಲ, ಅರ್ಧ ಚೀಲ ಸಿಮೆಂಟಿನಲ್ಲಿ ಅದೂ ಆಯಿತು. ಅವರ ತಮ್ಮ ಗಾರೆ ಕೆಲಸದವನು, ಕೂಲಿ ಉಳಿಯಿತು. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತೆಂದು ಹೇಳಿದರು. ಮೂರು ಜನ ಮೂರು ಸಲ ಮದ್ದು ತಂದ ಖರ್ಚು ಅದಕ್ಕಿಂತ ಹೆಚ್ಚಾಗಿತ್ತಂತೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ಬೇಡ ಎಂದಿದ್ದೆ. ಮೆಷಿನ್ನಿಗೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್, ನೀರು ಚಿಮ್ಮದ ಎತ್ತರದಲ್ಲಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಎಕ್ಸ್‌ಟೆನ್ಶನ್ ವಯರಿನಲ್ಲಿ ಮೆಷಿನ್ ನಡೆಸುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದು ಜೀವ ತೆಗೆಯುವ ಅಭ್ಯಾಸ.

ಇನ್ನು ಹೆಚ್ಚಿನವರು ಬಾಯಿಬಿಟ್ಟು ಹೇಳದ ಮಾತು. ಆ ಹಗ್ಗಗಳಲ್ಲಿ ದೊಡ್ಡ ಟವೆಲುಗಳ ಅಡಿಯಲ್ಲಿ ಮುಚ್ಚಿಕೊಂಡಿದ್ದದ್ದು ಹೆಂಗಸರ ಒಳಉಡುಪು. ಮರೆ ಬೇಕು, ಸರಿ. ಆದರೆ ಗಾಳಿ ಬೆಳಕು ಎಲ್ಲಕ್ಕಿಂತ ಹೆಚ್ಚು ಬೇಕಾದ ಬಟ್ಟೆಗೆ ಮನೆಯ ಅತ್ಯಂತ ಕತ್ತಲೆಯ ಜಾಗ ಸಿಗುತ್ತಿದೆ. ಮುಟ್ಟಿನ ಬಟ್ಟೆಯ ಪಾಡು ಇನ್ನೂ ಕಷ್ಟ, ಬಚ್ಚಲಿನ ಬಾಗಿಲ ಹಿಂದೆ, ಹಾಸಿಗೆಯ ಕೆಳಗೆ. ತೊಡೆಸಂದಿನ ಹುಳುಕಡ್ಡಿ, ತುರಿಕೆ ಎಂದು ಬರುವ ಹೆಣ್ಣುಮಕ್ಕಳು ಇದನ್ನು ಕೇಳಿದಾಗ ತಲೆತಗ್ಗಿಸುತ್ತಾರೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಮರೆಯನ್ನು ಬಟ್ಟೆಗೆ ಒತ್ತಿ ಹಾಕದೆ ದೂರದಲ್ಲಿ ಕಟ್ಟಿ. ಹಿತ್ತಿಲಲ್ಲೋ ತಾರಸಿಯಲ್ಲೋ ದಾರಿಯ ಕಡೆಗೆ ಒಂದು ಹಳೆ ಹತ್ತಿ ಸೀರೆ ಅಥವಾ ತೋಟಕ್ಕೆ ಹಾಕುವ ಹಸಿರು ನೆರಳುಬಲೆ ಎಳೆದು, ಅದರ ಒಳಗಡೆ ಒಂದು ಮೊಳ ಬಿಟ್ಟು ಹಗ್ಗ ಕಟ್ಟಿದರೆ ನೋಟ ತಡೆಯುತ್ತದೆ, ಬಿಸಿಲು ಮೇಲಿನಿಂದ ಬೀಳುತ್ತದೆ. ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಕಪ್ಪು ಬುರ್ಖಾ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ ಎಂದು ಒಳಗೇ ಒಣಗಿಸುವವರು ಅದನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಲಿ. ಬೆವರು ಕೂತಿರುವುದು ಆ ಮಗ್ಗುಲಿನಲ್ಲೇ.

ಮಳೆ ಬಿಡದ ದಿನಗಳಲ್ಲಿ ಏನು ಮಾಡುವುದು? ಒಂದೇ ದಿನ ಎಲ್ಲ ಒಗೆಯಬೇಡಿ, ಒಣಗಲು ಜಾಗವಿರುವಷ್ಟೇ ಒಗೆಯಿರಿ. ಸ್ಪಿನ್ ಎರಡು ಸಲ ತಿರುಗಿಸಿ. ಮಲಗುವ ಕೋಣೆಯಲ್ಲಿ ಒಣಹಾಕಿದರೆ ಆ ತೇವವೆಲ್ಲ ಗೋಡೆಗೂ ಮಕ್ಕಳ ಉಸಿರಿಗೂ ಸೇರುತ್ತದೆ. ಒಗೆಯುವ ಮೂಲೆಯಲ್ಲೇ ಹಳೆ ಟೇಬಲ್ ಫ್ಯಾನನ್ನು ಬಟ್ಟೆಗೆ ಮುಖಮಾಡಿ, ನೀರಿನಿಂದ ದೂರ ಇಡಿ. ಕೊನೆಗೆ ಇಸ್ತ್ರಿ, ಅದರಲ್ಲೂ ಸೊಂಟಪಟ್ಟಿ, ಹೊಲಿಗೆಯ ಅಂಚುಗಳಿಗೆ.

ಹುಳುಕಡ್ಡಿ ಇರುವವರ ಬಟ್ಟೆಗೆ ಬೇರೆ ಬುಟ್ಟಿ, ತೂತುಗಳಿರುವ ಪ್ಲಾಸ್ಟಿಕ್ ಬುಟ್ಟಿಯೇ ಆಗಲಿ. ಬೆವರಿನ ಬಟ್ಟೆಯನ್ನು ಮುದ್ದೆಮಾಡಿ ಮುಚ್ಚಿಡಬೇಡಿ. ಆ ಬಟ್ಟೆಗೆ ಸುಮಾರು 60 ಡಿಗ್ರಿ ಬಿಸಿನೀರು ಬೇಕು. ಅಳೆಯಲು ಉಪಕರಣ ಬೇಡ, ಕುದಿಯುವ ನೀರಿಗೆ ಅಷ್ಟೇ ಅಳತೆಯ ನಲ್ಲಿನೀರು ಬೆರೆಸಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಅದರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಒಗೆಯಿರಿ. ಕೋಲಿನಿಂದ ತಿರುಗಿಸಿ, ಮಕ್ಕಳನ್ನು ದೂರ ಇಡಿ. ವುಝೂ ಮಾಡಿ ಎಲ್ಲರೂ ಮುಖ ಒರೆಸುವ ಒಂದೇ ಟವೆಲು ಇದ್ದರೆ ಇಂದೇ ಬೇರೆಬೇರೆ ಮಾಡಿ. ತುರಿಕಜ್ಜಿಯ, ನಾವು ಜರಬ್ ಎನ್ನುವ ರೋಗದ ಸಂಗತಿ ಬೇರೆ. ಆ ಹುಳ ಮನುಷ್ಯನ ಮೈಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕದು. ಒಗೆಯಲಾಗದ ಕಂಬಳಿ, ದಿಂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿಟ್ಟರೆ ಸಾಕು, ಆದರೆ ಮನೆಮಂದಿಯೆಲ್ಲ ಒಂದೇ ದಿನ ಮದ್ದು ಹಚ್ಚಬೇಕು.

ಹಾಗೆಂದು ಬಟ್ಟೆ ಒಣಗಿಸಿದ ಮಾತ್ರಕ್ಕೆ ರೋಗ ವಾಸಿಯಾಗದು. ಔಷಧ ಬೇಕೇ ಬೇಕು, ಕಲೆ ಕಾಣದಾದ ಮೇಲೂ ವೈದ್ಯರು ಹೇಳಿದಷ್ಟು ದಿನ ಬೇಕು. ಅಂಗಡಿಯಲ್ಲಿ ಕೇಳಿ ತರುವ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಈ ತಾಯಿಯೂ ಅಂಥದ್ದನ್ನು ಹಚ್ಚಿದ್ದರು. ರೋಗ ಮೈತುಂಬ ಹರಡಿದವರನ್ನು, ಸಕ್ಕರೆ ಕಾಯಿಲೆಯವರನ್ನು ನಾನು ಚರ್ಮತಜ್ಞರ ಬಳಿಗೇ ಕಳಿಸುತ್ತೇನೆ.

ಮಗುವಿನ ಉಚ್ಚೆ, ಕಕ್ಕ ತಾಗಿದ ಬಟ್ಟೆಯನ್ನು ನೇರ ಮೆಷಿನ್ನಿಗೆ ಹಾಕದೆ, ಬೇರೆ ಬಕೆಟಿನಲ್ಲಿ ಹರಿಯುವ ನೀರಿನಲ್ಲಿ ಕೊಳೆ ತೆಗೆದು ಹಾಕುವುದು ಒಳ್ಳೆಯದು. ಎಷ್ಟು ಸಲ, ಹೇಗೆ ಎಂಬ ಮಸ್‌ಅಲೆಯನ್ನು ಉಸ್ತಾದರಲ್ಲಿ ಕೇಳಿಕೊಳ್ಳಿ, ಅದು ನನ್ನ ಕ್ಷೇತ್ರವಲ್ಲ. ಸೋಪಿನ ಪುಡಿ ಹೆಚ್ಚು ಹಾಕಿದರೆ ಹೆಚ್ಚು ಶುಭ್ರ ಎಂಬುದು ತಪ್ಪು, ಉಳಿದ ಪುಡಿ ಮಕ್ಕಳ ಚರ್ಮಕ್ಕೆ ಉರಿ ತರುತ್ತದೆ. ಕೆಲಸ ಮುಗಿದ ಮೇಲೆ ಮೆಷಿನ್ನಿನ ಮುಚ್ಚಳ ತೆರೆದಿಡಿ, ನಾರಿನ ಜಾಲರಿ ತೊಳೆಯಿರಿ. ಬಕೆಟುಗಳನ್ನು ಬೋರಲು ಹಾಕಿ. ತೆವಳುವ ಮಗುವಿಗೆ ಗೇಣು ನೀರೂ ಅಪಾಯ, ನಿಂತ ನೀರು ವಾರ ಕಳೆದರೆ ಡೆಂಗಿಯ ಸೊಳ್ಳೆಗೂ ಮನೆ.

ಸಾಬೂನು, ನೀಲಿ, ಬ್ಲೀಚಿಂಗ್ ಪುಡಿಗಳಿಗೆ ಮಕ್ಕಳ ಕೈಗೆಟುಕದ ಒಂದು ಹಲಗೆ ಹೊಡೆಸಿ. ಶರಬತ್ತಿನ ಬಾಟಲಿಗೆ ಸುರಿದಿಡಬೇಡಿ. ಬ್ಲೀಚನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ಏಳುವ ಕ್ಲೋರಿನ್ ಅನಿಲ ಇಂಥ ಇಕ್ಕಟ್ಟಿನ ಜಾಗದಲ್ಲಿ ಉಸಿರುಗಟ್ಟಿಸುತ್ತದೆ.

ಮಡಚಿಡುವ ಮೊದಲು ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, ತಂಪೆನಿಸಿದರೆ ಇನ್ನೂ ಒಣಗಿಲ್ಲ. ಕಪಾಟಿನಲ್ಲಿ ಹುಳಕ್ಕೆಂದು ನುಸಿಗುಳಿಗೆ ಹಾಕುವವರು ಎಳೆಗೂಸಿನ ಬಟ್ಟೆ, ತೊಟ್ಟಿಲ ಹಾಸುಗಳ ನಡುವೆ ಮಾತ್ರ ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲೀನ್‌ನಿಂದ ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆ ಇರುವ ಶಿಶುಗಳ ರಕ್ತಕಣ ಒಡೆದು ಕಾಮಾಲೆ ಏರುತ್ತದೆ, ಮತ್ತು ಆ ಕೊರತೆ ಇದೆಯೆಂದು ಪರೀಕ್ಷೆ ಮಾಡದೆ ತಿಳಿಯುವುದಿಲ್ಲ. ಬಾಣಂತನಕ್ಕೆ ಪೆಟ್ಟಿಗೆಯಿಂದ ತೆಗೆದ ಹಳೆಬಟ್ಟೆಗೆ ಆ ವಾಸನೆ ಇದ್ದರೆ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ, ಆಮೇಲೆ ಮಗುವಿಗೆ ಉಡಿಸಿ. ಕಪಾಟಿಗೆ ಒಣಗಿದ ಬೇವಿನೆಲೆಯ ಸಣ್ಣ ಗಂಟು ಸಾಕು.