ಅಲೋಪೇಶಿಯಾ: ನರಿಯಿಂದ ಬಂದ ಹೆಸರು



ಠಾಣೆಯಲ್ಲೋ ಡೊಂಬಿವಲಿಯಲ್ಲೋ ಚರ್ಮದ ಡಾಕ್ಟರು ಚೀಟಿಯಲ್ಲಿ ‘ಅಲೋಪೇಶಿಯಾ’ ಎಂದು ಬರೆದರೆ ಗಾಬರಿಯಾಗಬೇಡಿ. ಕೂದಲು ಉದುರುವುದು ಎಂದಷ್ಟೇ ಅದರ ಅರ್ಥ. ಏಕೆ ಉದುರುತ್ತಿದೆ ಎಂಬುದನ್ನು ಆ ಪದ ಹೇಳುವುದಿಲ್ಲ.

*ಹೆಸರು ಬಂದದ್ದು ಹೀಗೆ*
ಗ್ರೀಕ್ ಭಾಷೆಯಲ್ಲಿ ‘ಅಲೋಪೆಕ್ಸ್’ ಎಂದರೆ ನರಿ. ಕಜ್ಜಿ ಹತ್ತಿದ ನರಿಯ ಮೈ ಅಲ್ಲಲ್ಲಿ ಬೋಳಾಗುತ್ತದೆ. ಅದನ್ನು ನೋಡಿ ಮನುಷ್ಯರ ತೊಂದರೆಗೂ ಅದೇ ಹೆಸರಿಟ್ಟರು. ಅದು ಲ್ಯಾಟಿನ್‌ಗೆ ಬಂದು ಅಲೋಪೇಶಿಯಾ ಆಯಿತು.

*ಮುಂದಿನ ಪದ ಮುಖ್ಯ*
ತಲೆಯಲ್ಲಿ ನಾಣ್ಯದಷ್ಟು ದುಂಡಗೆ, ನುಣ್ಣಗೆ ಬೋಳಾದರೆ ‘ಅಲೋಪೇಶಿಯಾ ಏರಿಯಾಟಾ’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ‘ಏರಿಯಾ’ ಎಂದರೆ ಬಯಲು ಜಾಗ, ಕಾಳು ಒಕ್ಕುವ ಕಣ. ‘ನಿಮ್ಮದು ಯಾವ ಏರಿಯಾ?’ ಎಂದು ನಾವು ಕೇಳುವುದೂ ಇದೇ ಪದ. ಊರಿನ ಕಣ ನೆನಪಿಸಿಕೊಳ್ಳಿ: ಸುತ್ತ ಪೈರು, ನಡುವೆ ಬಯಲು.

ಇದಕ್ಕೆ ನೆರೆಮನೆಯ ಮರಾಠಿಯವರು ‘ಚಾಯಿ’ ಎನ್ನುತ್ತಾರೆ, ನಮ್ಮ ಹಿರಿಯರು ‘ಹುಳ ತಿಂದಿದೆ’ ಎನ್ನುತ್ತಾರೆ. ನರಿಯ ಕಜ್ಜಿಗೆ ಸಣ್ಣ ಹುಳವೇ ಕಾರಣ, ನಿಜ. ಆದರೆ ಏರಿಯಾಟಾದಲ್ಲಿ ಹುಳವಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುತ್ತದೆ. ಇದು ಅಂಟುವುದಿಲ್ಲ, ಮಗುವನ್ನು ಶಾಲೆ ಬಿಡಿಸಬೇಡಿ, ದೂರ ಕೂರಿಸಬೇಡಿ. ಬುಡ ನಾಶವಾಗಿರುವುದಿಲ್ಲ, ಹಾಗಾಗಿ ಸಣ್ಣ ಮಚ್ಚೆಯಾದರೆ ಎಷ್ಟೋ ಜನರಿಗೆ ಕೂದಲು ಮತ್ತೆ ಬರುತ್ತದೆ. ಕೆಲವರಿಗೆ ತೊಂದರೆ ಮರುಕಳಿಸುವುದೂ ಉಂಟು.

*ಬೇರೆ ಕಾರಣಗಳು*
• ಹೊಟ್ಟು, ತುರಿಕೆ, ತುಂಡಾದ ಕೂದಲು: ಇದು ಫಂಗಸ್ ಇರಬಹುದು. ಇದು ಅಂಟುತ್ತದೆ, ಬಾಚಣಿಗೆ, ಟವೆಲ್ ಬೇರೆ ಇಡಿ. ಬರೀ ಮುಲಾಮು ಸಾಲದು, ನುಂಗುವ ಮಾತ್ರೆ ಬೇಕು.
• ಹೆರಿಗೆ ಅಥವಾ ಜೋರು ಜ್ವರದ ನಂತರ 2–3 ತಿಂಗಳಿಗೆ ಹಿಡಿಹಿಡಿಯಾಗಿ ಉದುರುವುದು: ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ.
• ಹಣೆಯಂಚಿನಲ್ಲಿ ಉದುರುವುದು: ಬಿಗಿ ಜಡೆ ಕಾರಣವಿರಬಹುದು, ಸಡಿಲ ಮಾಡಿ.
• ನೋವು, ಕೀವು, ಕಲೆ: ತಡಮಾಡಬೇಡಿ. ಬುಡ ಸತ್ತರೆ ಕೂದಲು ಮತ್ತೆ ಬರುವುದಿಲ್ಲ.

*ಇದನ್ನು ಮಾಡಬೇಡಿ*
ಹಸಿ ಬೆಳ್ಳುಳ್ಳಿ ಉಜ್ಜಿದರೆ ಚರ್ಮ ಸುಡುತ್ತದೆ. ಗುಲಗಂಜಿ ಬೀಜ ವಿಷ. ಅರೆದು ಹಚ್ಚಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಡಾಕ್ಟರರನ್ನು ಒಂದೇ ಪ್ರಶ್ನೆ ಕೇಳಿ: “ಇದು ಯಾವ ಅಲೋಪೇಶಿಯಾ?” ಔಷಧ ನಿಂತಿರುವುದು ಆ ಉತ್ತರದ ಮೇಲೆ. ಖಾಸಗಿ ಖರ್ಚು ಕಷ್ಟವಾದರೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಂಥ ಪಾಲಿಕೆ ಆಸ್ಪತ್ರೆಗಳಿವೆ.

ಮನೆಯಲ್ಲಿ ಯಾರಾದರೂ ತಲೆಗೆ ಸೆರಗು, ಟೋಪಿ ಮುಚ್ಚಿಕೊಂಡು ಒಳಗೊಳಗೇ ಕೊರಗುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ.