ಕೋರ್ಟಿನ ಕಾಗದಕ್ಕೆ 21 ದಿನದ ಗಡುವು

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಬದಲಾಯಿಸದ ಕುಟುಂಬ ಕಡಿಮೆ. ಬ್ಯಾಂಕಿಗೆ, ಮಕ್ಕಳ ಶಾಲೆಗೆ, ಜಿಪಿಗೆ ಹೊಸ ವಿಳಾಸ ಕೊಟ್ಟಾಗಿರುತ್ತದೆ. ಕಾರಿನ ಲಾಗ್‌ಬುಕ್ಕಿನಲ್ಲಿ ಮಾತ್ರ ಹಳೆಯದೇ ಉಳಿದಿರುತ್ತದೆ. 30 ಮೈಲಿ ಮಿತಿಯ ರಸ್ತೆಯಲ್ಲಿ ಕಾರು ವೇಗವಾಗಿ ಹೋಗಿ ಕ್ಯಾಮೆರಾಕ್ಕೆ ಸಿಕ್ಕಿತೆಂದರೆ ಪೊಲೀಸರ ಪತ್ರ ಹೋಗುವುದು ಆ ಹಳೆಯ ಮನೆಗೇ.

ಸಾಮಾನ್ಯವಾಗಿ 14 ದಿನದೊಳಗೆ ಬರುವ ಈ ಮೊದಲ ಪತ್ರ ಕೇಳುವುದು ಒಂದೇ ಪ್ರಶ್ನೆ: ಆ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವರು ಯಾರು? 28 ದಿನದೊಳಗೆ ಉತ್ತರಿಸಿದರೆ, ವೇಗ ಅತಿಯಾಗಿರದಿದ್ದಲ್ಲಿ, ಒಂದು ತರಬೇತಿ ತರಗತಿಯಲ್ಲೋ 100 ಪೌಂಡ್ ದಂಡ ಮತ್ತು ಲೈಸೆನ್ಸಿನ ಮೇಲೆ 3 ಪಾಯಿಂಟಿನಲ್ಲೋ ವಿಷಯ ಮುಗಿಯಬಹುದು. ಉತ್ತರ ಕೊಡದಿದ್ದರೆ ಅದೇ ಬೇರೊಂದು ಅಪರಾಧ. ಅದಕ್ಕೆ 6 ಪಾಯಿಂಟ್, 1,000 ಪೌಂಡ್‌ವರೆಗೆ ದಂಡ.

ಬೆಂಗಳೂರಿನಿಂದ ಬಂದವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. 2023ರ ಫೆಬ್ರವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಅಲ್ಲಿ ಜನ ಸಾಲುಗಟ್ಟಿ ಕಟ್ಟಿದ್ದರು. ಇಂಥ ರಿಯಾಯಿತಿಗೆ ಇಲ್ಲಿ ಕಾಯುವಂತಿಲ್ಲ. ಕಾದಷ್ಟೂ ಮೊತ್ತ ಏರುತ್ತದೆ, ಕೊನೆಗೆ ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ.

ಹಾಗೆ ಹೋದ ಕೇಸುಗಳಲ್ಲಿ ಬಹಳಷ್ಟು ಈಗ ತೆರೆದ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. 2015ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದ 'ಸಿಂಗಲ್ ಜಸ್ಟಿಸ್ ಪ್ರೊಸೀಜರ್' ಪ್ರಕಾರ, ಜೈಲು ಶಿಕ್ಷೆ ಇಲ್ಲದ ಸಣ್ಣ ಅಪರಾಧಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟ್, ಕಾನೂನು ಸಲಹೆಗಾರರ ನೆರವಿನಿಂದ, ಕಾಗದಪತ್ರ ನೋಡಿ ತೀರ್ಮಾನಿಸುತ್ತಾರೆ. ನೋಟಿಸಿನ ಜೊತೆ ಆರೋಪ, ಸಾಕ್ಷ್ಯ ಮತ್ತು ಭರ್ತಿ ಮಾಡುವ ಫಾರಂ ಇರುತ್ತವೆ. ಫಾರಂನಲ್ಲಿ ಮೂರು ದಾರಿಗಳಿವೆ: ತಪ್ಪು ಒಪ್ಪಿ ಮನೆಯಲ್ಲೇ ಇರುವುದು, ತಪ್ಪು ಒಪ್ಪಿ ಕೋರ್ಟಿಗೆ ಬಂದು ಮಾತನಾಡುವುದು, ತಪ್ಪಿಲ್ಲ ಎಂದು ವಿಚಾರಣೆ ಕೇಳುವುದು. ಗಡುವು 21 ದಿನ. ಸುಮ್ಮನಿದ್ದರೆ ಆರೋಪಿ ಇಲ್ಲದೆಯೇ ತೀರ್ಪು ಆಗಿಬಿಡುತ್ತದೆ.

ಆದಾಯದ ಪುಟವನ್ನು ಖಾಲಿ ಬಿಡಲೇಬಾರದು. ದಂಡ ವಾರದ ಆದಾಯದ ಲೆಕ್ಕದಲ್ಲಿ ನಿಗದಿಯಾಗುತ್ತದೆ; ವಿವರ ಕೊಡದಿದ್ದರೆ ಕೋರ್ಟೇ ಒಂದು ಮೊತ್ತವನ್ನು ಊಹಿಸಿಕೊಳ್ಳುತ್ತದೆ. ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ, ಇನ್ನೂ ಕೆಲಸ ಸಿಗದ ಸಂಗಾತಿಗೆ ಇದು ದೊಡ್ಡ ಹೊಡೆತ. ಮೊದಲೇ ತಪ್ಪೊಪ್ಪಿಕೊಂಡರೆ ದಂಡದಲ್ಲಿ ಮೂರನೇ ಒಂದು ಭಾಗ ಕಡಿತ. ದಂಡದ ಮೇಲೆ ಶೇ. 40ರಷ್ಟು ಸರ್‌ಚಾರ್ಜ್, ಜೊತೆಗೆ ಸಾಮಾನ್ಯವಾಗಿ ಕೇಸಿನ ಖರ್ಚೂ ಸೇರುತ್ತದೆ.

ಟಿವಿ ಲೈಸೆನ್ಸ್ ಕೇಸುಗಳೂ ಇದೇ ದಾರಿಯಲ್ಲಿ ಬರುತ್ತವೆ. ಕ್ರಿಕೆಟ್ ಆಗಲಿ, ಕನ್ನಡ ಸುದ್ದಿವಾಹಿನಿಯಾಗಲಿ, ನೇರ ಪ್ರಸಾರವನ್ನು ಫೋನಿನಲ್ಲಿ ನೋಡಿದರೂ ಲೈಸೆನ್ಸ್ ಬೇಕು. ಇದು ಗೊತ್ತಿಲ್ಲದ ಮನೆಗಳು ನಮ್ಮಲ್ಲಿ ಸಾಕಷ್ಟಿವೆ.

ತೀರ್ಪಾದ ಮೇಲೆ ವಿಷಯ ತಿಳಿದರೆ? ಕೇಸಿನ ಬಗ್ಗೆ ಗೊತ್ತೇ ಇರಲಿಲ್ಲ ಎಂದು ಪ್ರಮಾಣಪೂರ್ವಕ ಹೇಳಿಕೆ ಕೊಟ್ಟರೆ ತೀರ್ಪು ರದ್ದಾಗಿ ಕೇಸು ಮೊದಲಿನಿಂದ ಶುರುವಾಗುತ್ತದೆ. ತಿಳಿದ ದಿನದಿಂದ 21 ದಿನದೊಳಗೆ ಇದನ್ನು ಮಾಡಬೇಕು. ಸುಳ್ಳು ಹೇಳಿಕೆ ಕೊಡುವುದು ಮಾತ್ರ ಗಂಭೀರ ಅಪರಾಧ.

ಈ ವ್ಯವಸ್ಥೆಯೂ ಎಡವಿದ್ದುಂಟು. ರೈಲು ಕಂಪನಿಗಳು 1889ರ ರೈಲ್ವೆ ಕಾಯ್ದೆಯ ಟಿಕೆಟ್ ಪ್ರಕರಣಗಳನ್ನು ಅಧಿಕಾರವಿಲ್ಲದೆ ಇದೇ ವಿಧಾನದಲ್ಲಿ ನಡೆಸಿದ್ದವು. 2024ರ ಆಗಸ್ಟ್‌ನಲ್ಲಿ ಮುಖ್ಯ ಮ್ಯಾಜಿಸ್ಟ್ರೇಟ್ ಪಾಲ್ ಗೋಲ್ಡ್‌ಸ್ಪ್ರಿಂಗ್ ಅವು ಅಸಿಂಧು ಎಂದರು. ಸುಮಾರು 74,000 ಪ್ರಕರಣಗಳಿಗೆ ಆ ತೀರ್ಪು ಅನ್ವಯಿಸುವಂತಿತ್ತು. ಕೋರ್ಟಿನ ಕಾಗದ ಎಂದಾಕ್ಷಣ ಹೆದರಿ ಸಹಿ ಹಾಕದೆ, ಆರೋಪ ಯಾವ ಕಾಯ್ದೆಯಡಿ ಎಂದು ಓದಬೇಕಾದದ್ದು ಇದಕ್ಕೇ. ಅರ್ಥವಾಗದಿದ್ದರೆ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಉಚಿತವಾಗಿ ಕೇಳಬಹುದು.

ಇನ್ನೊಂದು ಮಾತು ಪೌರತ್ವದ ಬಗ್ಗೆ. ಕೋರ್ಟು ವಿಧಿಸಿದ ದಂಡ ಶಿಕ್ಷೆಯೆಂದೇ ದಾಖಲಾಗುತ್ತದೆ, ಪೌರತ್ವದ ಅರ್ಜಿಯಲ್ಲಿ ಅದನ್ನು ಮುಚ್ಚಿಡುವಂತಿಲ್ಲ. ಆದ್ದರಿಂದ ಮನೆ ಬದಲಾಯಿಸಿದ ವಾರವೇ ವಾಹನ ಮತ್ತು ಚಾಲಕರ ದಾಖಲೆ ಇಡುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯಲ್ಲಿ ಲೈಸೆನ್ಸ್ ಮತ್ತು ಲಾಗ್‌ಬುಕ್ ಎರಡರ ವಿಳಾಸವನ್ನೂ ತಿದ್ದಿಸಿ. ಅದಕ್ಕೆ ಶುಲ್ಕವಿಲ್ಲ.