ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರಿಗೆ ಹೊಸ ಸ್ಪೀಕರ್

ವಿದ್ಯುತ್ ಗಿಟಾರಿನ ತಂತಿ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ. ಅದರ ಕಂಪನದಿಂದ ಹುಟ್ಟುವ ಅತಿ ಸಣ್ಣ ವಿದ್ಯುತ್ ಸಂಕೇತವನ್ನು ಆಂಪ್ಲಿಫೈಯರ್ ಹಲವು ಮಡಿ ಹೆಚ್ಚಿಸುತ್ತದೆ. ಸ್ಪೀಕರ್ ಅದನ್ನು ಮರಳಿ ನಾದವನ್ನಾಗಿ ಮಾರ್ಪಡಿಸುತ್ತದೆ. ಸ್ಪೀಕರಿನ ಕೋನ್ ಕಾಗದದ್ದು. ಮುಂಬಯಿಯಂತಹ ಕಡಲತಡಿಯ ಊರಿನಲ್ಲಿ, ನಾಲ್ಕು ತಿಂಗಳ ಮಳೆಗಾಲದ ತೇವದಲ್ಲಿ, ಕಾಗದ ಮೆತ್ತಗಾಗುವುದೂ ಅಂಟು ಬಿಡುವುದೂ ಬೂಷ್ಟು ಹಿಡಿಯುವುದೂ ಸಹಜವೇ. ಆದುದರಿಂದ ಹಳೆಯ ಆಂಪ್ಲಿಫೈಯರನ್ನು ಮನೆಗೆ ತಂದವರಿಗೆ ಇಂದಲ್ಲ ನಾಳೆ ಸ್ಪೀಕರ್ ಬದಲಾಯಿಸುವ ಪ್ರಶ್ನೆ ಎದುರಾಗಿಯೇ ಆಗುತ್ತದೆ.

ಈ ಯಂತ್ರಗಳಿಗೂ ನಮ್ಮ ನಗರಕ್ಕೂ ಹಳೆಯ ನಂಟು. ಹೋಟೆಲುಗಳ ವಾದ್ಯವೃಂದಗಳಲ್ಲಿಯೂ ಚಲನಚಿತ್ರದ ಧ್ವನಿಮುದ್ರಣ ಶಾಲೆಗಳಲ್ಲಿಯೂ ವಿದ್ಯುತ್ ಗಿಟಾರ್ ನೆಲೆಯೂರಿದ್ದು ಇಲ್ಲಿಯೇ. 1971ರ 'ಹರೇ ರಾಮ ಹರೇ ಕೃಷ್ಣ' ಚಿತ್ರದ 'ದಮ್ ಮಾರೋ ದಮ್' ಗೀತೆಯಲ್ಲಿ ಭೂಪಿಂದರ್ ಸಿಂಗ್ ನುಡಿಸಿದ ಗಿಟಾರ್ ಮನೆಮನೆಗೂ ಆ ನಾದವನ್ನು ಮುಟ್ಟಿಸಿತು. 1991ರ ಆರ್ಥಿಕ ಉದಾರೀಕರಣಕ್ಕೆ ಮುನ್ನ ಆಮದಿನ ನಿರ್ಬಂಧಗಳೂ ಸುಂಕವೂ ಭಾರಿಯಾಗಿದ್ದ ಕಾರಣ, ಬಂದ ಆಂಪ್ಲಿಫೈಯರನ್ನು ಜನ ಜತನದಿಂದ ರಿಪೇರಿ ಮಾಡಿಸಿ ದಶಕಗಟ್ಟಲೆ ಬಳಸಿದರು. ಕನ್ನಡಿಗರು ಹೆಮ್ಮೆಪಡಬೇಕಾದ ಮಾತೊಂದು ಇಲ್ಲಿದೆ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿದ ಇಸಿಸಿ 83, ಇಎಲ್ 84 ಮುಂತಾದ ವಾಲ್ವುಗಳನ್ನು ಹೊರದೇಶಗಳ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಸ್ಪೀಕರ್ ಬದಲಾವಣೆಯೆಂದರೆ ಬಲ್ಬ್ ಬದಲಾಯಿಸಿದಷ್ಟೇ ಸಲೀಸು ಎಂದು ಭಾವಿಸುವವರುಂಟು. ಹಾಗಲ್ಲ. ಇದರಲ್ಲಿ ಪ್ರಾಣ, ಯಂತ್ರ, ಕಿವಿ ಈ ಮೂರರ ಕ್ಷೇಮವೂ ಅಡಗಿದೆ. ಅವನ್ನು ಅದೇ ಕ್ರಮದಲ್ಲಿ ವಿಚಾರಿಸೋಣ.

ಮೊದಲು ಪ್ರಾಣರಕ್ಷಣೆ

ವಾಲ್ವ್ ಆಂಪ್ಲಿಫೈಯರಿನ ಒಳಗೆ 300ರಿಂದ 450 ವೋಲ್ಟಿನವರೆಗೆ ನೇರ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳು ಈ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಸ್ಪೀಕರ್ ಬದಲಾವಣೆಗೆ ಸಾಮಾನ್ಯವಾಗಿ ಆಂಪ್ಲಿಫೈಯರಿನ ಲೋಹದ ಒಡಲನ್ನು ಬಿಚ್ಚಬೇಕಾದುದೇ ಇಲ್ಲ. ಪೆಟ್ಟಿಗೆಯ ಹಿಂಬದಿಯ ಹಲಗೆ ತೆಗೆದರೆ ಸಾಕು. ಅದಕ್ಕಿಂತ ಒಳಗಿನ ಕೆಲಸವನ್ನು ಅನುಭವಿ ಮೆಕ್ಯಾನಿಕನಿಗೇ ಬಿಡತಕ್ಕದ್ದು. ಕೆಲವು ಹಳೆಯ ಸಣ್ಣ ಆಂಪ್ಲಿಫೈಯರುಗಳಲ್ಲಿ, ಹಳೆಯ ರೇಡಿಯೋಗಳಲ್ಲಿದ್ದಂತೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಸ್ಪೀಕರಿನ ಬೆನ್ನಿಗೇ ಬಿಗಿದಿರುತ್ತಾರೆ. ಆಗ ಅಲ್ಲಿಗೆ ಬರುವ ತಂತಿಗಳಲ್ಲಿಯೇ ಈ ಅಪಾಯಕಾರಿ ವೋಲ್ಟೇಜ್ ಇರುತ್ತದೆ. ಅಂಥದನ್ನು ಕಂಡೊಡನೆ ಕೈ ಹಿಂದೆಗೆಯುವುದು ಲೇಸು.

ಇನ್ನೆರಡು ಎಚ್ಚರಿಕೆಗಳು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಆಂಪ್ಲಿಫೈಯರ್ 120 ವೋಲ್ಟಿನ ಆಸುಪಾಸಿನದು; ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುವುದು. ಎರಡನೆಯದಾಗಿ, ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಒಡಲಿಗೆ ಸೇರಿರುತ್ತವೆ. ಒಡಲಿಗೆ ವಿದ್ಯುತ್ ಸೋರಿದರೆ ಅದು ವಾದಕನ ಬೆರಳಿಗೆ ತಲುಪುತ್ತದೆ. ಹಳೆಯ ಎರಡು ಪಿನ್ನಿನ ಪ್ಲಗ್ ಇದ್ದಲ್ಲಿ ಮೂರು ಪಿನ್ನಿನದನ್ನು ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿದ ಹೊರತು ಮಕ್ಕಳ ಕೈಗೆ ಕೊಡಬಾರದು.

ದೋಷವಿರುವುದು ಸ್ಪೀಕರಿನಲ್ಲಿಯೇ?

ಗರಗರ ಸದ್ದು ಬಂದೊಡನೆ ಸ್ಪೀಕರನ್ನು ದೂಷಿಸಬಾರದು. ಒಂದೇ ಸಮನೆ ಬರುವ ಗುಂಯ್‌ಗುಡುವಿಕೆ ಬಹುತೇಕ ಮುಪ್ಪಾದ ಕೆಪಾಸಿಟರಿನ ಲಕ್ಷಣ. ಸಡಿಲಾದ ಸ್ಕ್ರೂ ಸಹ ಅದಿರಬಹುದು. ಯಂತ್ರವನ್ನು ಆರಿಸಿ, ಕೋನನ್ನು ಎರಡೂ ಕೈಗಳ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡಿರಿ. ಒಳಗೆ ಕೆರೆಯುವ ಸದ್ದು ಬಂದರೆ ವಾಯ್ಸ್ ಕಾಯಿಲ್ ಓರೆಯಾಗಿದೆಯೆಂದು ತಿಳಿಯಬೇಕು. ಮಲ್ಟಿಮೀಟರಿನಲ್ಲಿ ಓದು ಬಾರದಿದ್ದರೆ ಕಾಯಿಲ್ ತುಂಡಾಗಿದೆ. ಅಂಚಿನಲ್ಲಿ ಸಣ್ಣ ಹರುಕು ಮಾತ್ರ ಇದ್ದರೆ ತೆಳು ಕಾಗದ, ಅಂಟುಗಳಿಂದ ಸರಿಪಡಿಸಬಹುದು. ಇಡೀ ಕೋನ್ ಹಾಳಾಗಿದ್ದರೂ ಚೌಕಟ್ಟು, ಅಯಸ್ಕಾಂತಗಳನ್ನು ಉಳಿಸಿಕೊಂಡು ಹೊಸ ಕೋನ್ ಕೂರಿಸುವ ಕಸುಬುದಾರರಿದ್ದಾರೆ. ಇಂತಹ ಸಾಮಗ್ರಿಗಳ ವಿಚಾರಣೆಗೆ ಗ್ರ್ಯಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆ ಪ್ರಸಿದ್ಧ.

ಓಮಿನ ಲೆಕ್ಕ

ಬ್ಯಾಂಕಿನಲ್ಲಿ ಜಮೆ ಖರ್ಚುಗಳ ಎರಡು ಪಕ್ಕಗಳು ತಾಳೆಯಾಗದೆ ದಿನದ ಲೆಕ್ಕ ಮುಗಿಯುವುದಿಲ್ಲ. ಇಲ್ಲಿಯೂ ಅಂಥದೇ ನಿಯಮ. ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಒಂದು ನಿಶ್ಚಿತ ಓಮಿನ ಭಾರಕ್ಕೆಂದೇ ಸುತ್ತಿರುತ್ತಾರೆ. ಅದು 8 ಓಮ್ ಕೇಳಿದರೆ ಸ್ಪೀಕರ್ ಪಕ್ಕದ ಮೊತ್ತವೂ 8 ಆಗಿರಬೇಕು. ಸ್ಪೀಕರಿನ ಓಮ್ ಬಹಳ ಹೆಚ್ಚಾದರೆ ಟ್ರಾನ್ಸ್‌ಫಾರ್ಮರಿನೊಳಗೆ ವೋಲ್ಟೇಜ್ ಏರುತ್ತದೆ. ಬಹಳ ಕಡಮೆಯಾದರೆ ವಾಲ್ವುಗಳ ಮೇಲೆ ಹೊರೆ ಬೀಳುತ್ತದೆ. ಸ್ಪೀಕರನ್ನೇ ಜೋಡಿಸದೆ ಆಂಪ್ಲಿಫೈಯರನ್ನು ಚಾಲೂ ಮಾಡಿ ಗಿಟಾರ್ ನುಡಿಸುವುದಂತೂ ಎಲ್ಲಕ್ಕಿಂತ ಹಾನಿಕರ; ಒಳಗೆ ಕಿಡಿ ಹಾರಿ ಟ್ರಾನ್ಸ್‌ಫಾರ್ಮರ್ ಕ್ಷಣದಲ್ಲಿ ಸುಡಬಹುದು. ಸ್ಪೀಕರ್ ಹೋದರೆ ಮತ್ತೊಂದು ದೊರೆತೀತು. ಐವತ್ತು ವರ್ಷದ ಹಿಂದಿನ ಟ್ರಾನ್ಸ್‌ಫಾರ್ಮರಿಗೆ ಸರಿಜೋಡಿ ದೊರೆಯುವುದು ದುರ್ಲಭ.

ಎರಡು ಸ್ಪೀಕರುಗಳಿದ್ದಾಗ ಜೋಡಣೆಯ ರೀತಿಯಂತೆ ಮೊತ್ತ ಬದಲಾಗುತ್ತದೆ. 8 ಓಮಿನ ಎರಡನ್ನು ಸರಣಿಯಾಗಿ, ಒಂದರ ಬಾಲಕ್ಕೆ ಇನ್ನೊಂದರಂತೆ, ಸೇರಿಸಿದರೆ 16. ಸಮಾಂತರವಾಗಿ ಅಕ್ಕಪಕ್ಕದಲ್ಲಿ ಸೇರಿಸಿದರೆ 4. ಫೆಂಡರ್ ಕಂಪನಿಯು 1963ರಲ್ಲಿ ಹೊರತಂದ ಟ್ವಿನ್ ರಿವರ್ಬ್ ಆಂಪ್ಲಿಫೈಯರಿನಲ್ಲಿ ಎರಡನೆಯ ರೀತಿಯಿದೆ. ಅದರಿಂದ ಒಂದನ್ನು ಕಿತ್ತು 16 ಓಮಿನದನ್ನು ಹಾಕಿದರೆ ಮೊತ್ತ 4ರ ಬದಲು 5.3ಕ್ಕೆ ಏರುತ್ತದೆ, ಎರಡೂ ಸ್ಪೀಕರುಗಳ ಪಾಲು ಸಹ ಅಸಮವಾಗುತ್ತದೆ. ಮಲ್ಟಿಮೀಟರ್ ತೋರಿಸುವ ಅಂಕಿ ನಮೂದಿತ ಓಮಿಗಿಂತ ತುಸು ಕಡಮೆಯಿರುವುದನ್ನು ಕಂಡು ಗಾಬರಿಯಾಗಬೇಕಿಲ್ಲ: 8 ಓಮಿನದು ಸುಮಾರು 6 ಅಥವಾ 6.5, 16 ಓಮಿನದು ಸುಮಾರು 12 ಅಥವಾ 13 ತೋರಿಸುತ್ತದೆ.

ವ್ಯಾಟಿನ ಲೆಕ್ಕ ಬೇರೆ. ಸ್ಪೀಕರ್ ತಾಳಬಲ್ಲ ವ್ಯಾಟ್ ಆಂಪ್ಲಿಫೈಯರಿನದಕ್ಕಿಂತ ಹೆಚ್ಚಿರಬೇಕು. ವಾಲ್ವ್ ಯಂತ್ರವನ್ನು ಪೂರ್ತಿ ತಿರುಗಿಸಿ ನುಡಿಸಿದಾಗ ಅದು ನಮೂದಿಸಿದುದಕ್ಕಿಂತ ಹೆಚ್ಚೇ ಶಕ್ತಿ ಕೊಡುತ್ತದೆ. ವಾಕ್ಸ್ ಎಸಿ 30 ಎಂಬ 30 ವ್ಯಾಟಿನ ಯಂತ್ರದಲ್ಲಿ ಮೂಲದಲ್ಲಿ 15 ವ್ಯಾಟಿನ ಎರಡು ಸೆಲೆಶ್ಚನ್ ಸ್ಪೀಕರುಗಳಿದ್ದವು, ಅಂಚಿಗೆ ಅಂಚು. ಹೊಸದಾಗಿ ಕೊಳ್ಳುವವರು 25 ಅಥವಾ 30 ವ್ಯಾಟಿನ ಎರಡನ್ನು ತೆಗೆದುಕೊಂಡರೆ ನಿಶ್ಚಿಂತರಾಗಿರಬಹುದು.

ಕೂರಿಸುವ ಕ್ರಮ

ಬಿಚ್ಚುವ ಮುನ್ನ ತಂತಿಗಳ ಬಣ್ಣವನ್ನೂ ಅವು ಸೇರುವ ಜಾಗವನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಿರಿ. ಹಳೆಯ ಅಲ್ನಿಕೋ ಅಯಸ್ಕಾಂತದ ಜಾಗಕ್ಕೆ ಸಿರಾಮಿಕ್ ಅಯಸ್ಕಾಂತದ ಸ್ಪೀಕರ್ ಬರುವುದಾದರೆ ಅದರ ಅಗಲ, ಆಳಗಳನ್ನು ಮೊದಲೇ ಅಳೆಯಬೇಕು. ಇಲ್ಲವಾದರೆ ಅದು ವಾಲ್ವಿಗೋ ಟ್ರಾನ್ಸ್‌ಫಾರ್ಮರಿಗೋ ತಾಗೀತು. ಸ್ಕ್ರೂಡ್ರೈವರನ್ನು ಅಯಸ್ಕಾಂತ ಸೆಳೆಯುತ್ತದೆ. ಅದು ಜಾರಿದರೆ ಹೊಸ ಕೋನ್ ತೂತಾದೀತು. ಆದಕಾರಣ ಕೋನಿನ ಮೇಲೆ ರಟ್ಟೊಂದನ್ನು ಅಡ್ಡ ಹಿಡಿಯುವುದು ಜಾಣತನ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ಚೌಕಟ್ಟು ತಿರುಚಿ ಕಾಯಿಲ್ ಉಜ್ಜತೊಡಗುತ್ತದೆ.

ಎರಡು ಸ್ಪೀಕರುಗಳಿದ್ದಲ್ಲಿ ಧನ, ಋಣಗಳ ಪರೀಕ್ಷೆ ಅಗತ್ಯ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಎರಡರ ಕೋನುಗಳೂ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಹೊರಕ್ಕೂ ಇನ್ನೊಂದು ಒಳಕ್ಕೂ ಹೋದರೆ ಪರಸ್ಪರ ವಿರೋಧದಿಂದ ಮಂದ್ರ ಸ್ವರಗಳು ಅಳಿಸಿಹೋಗುತ್ತವೆ. ಹೊಸ ಸ್ಪೀಕರಿನ ನಾದ ಮೊದಮೊದಲು ಬಿರುಸಾಗಿ ಕೇಳಬಹುದು. ಹಲವು ತಾಸು ನುಡಿಸಿದ ಮೇಲೆ ಕೋನ್ ಸಡಿಲಗೊಂಡು ಹದಕ್ಕೆ ಬರುತ್ತದೆ.

ಕಿವಿಯ ಆರೋಗ್ಯ

ಸ್ಪೀಕರ್ ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಅಂಕಿಯೊಂದಿದೆ: ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು. ಗಿಟಾರ್ ಸ್ಪೀಕರುಗಳಲ್ಲಿ ಇದು 97, 98 ಅಥವಾ 100 ಇರುವುದುಂಟು. ಮೂರು ಡೆಸಿಬೆಲ್ ಹೆಚ್ಚೆಂದರೆ ಆಂಪ್ಲಿಫೈಯರಿನ ಶಕ್ತಿಯನ್ನೇ ಇಮ್ಮಡಿಸಿದಂತೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ ಮೂರು ಡೆಸಿಬೆಲ್ಲಿಗೂ ಈ ಅವಧಿ ಅರ್ಧವಾಗುತ್ತದೆ. ಹಾಗೆ ಇಳಿಸುತ್ತ ಬಂದರೆ 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ಅಂದರೆ ಮೂವತ್ತು ವ್ಯಾಟಿನ ಮಾತು ಹಾಗಿರಲಿ, ಬರಿಯ ಒಂದು ವ್ಯಾಟಿನಲ್ಲಿಯೇ ಎದುರು ಕುಳಿತ ಹುಡುಗನ ದಿನದ ಮಿತಿ ಕಾಲು ಗಂಟೆಗೆ ಮುಗಿಯುತ್ತದೆ. ಹೀಗೆ ಹಾಳಾದ ಒಳಗಿವಿಯ ಸೂಕ್ಷ್ಮ ಕೋಶಗಳು ಮರಳಿ ಬೆಳೆಯುವುದಿಲ್ಲ. ನುಡಿಸಿದ ಬಳಿಕ ಕಿವಿಯಲ್ಲಿ ಗುಂಯ್ ಎನ್ನುವುದೇ ಮೊದಲ ಎಚ್ಚರಿಕೆ. ಅದು ನಿಲ್ಲದಿದ್ದರೆ ಕಿವಿಯ ವೈದ್ಯರನ್ನು ಕಾಣಬೇಕು.

ಗೋಡೆಗೆ ಗೋಡೆ ತಾಗಿದ ಚಾಳು, ಫ್ಲ್ಯಾಟುಗಳಲ್ಲಿ ನೆರೆಯವರ ಕಿವಿಯೂ ನಮ್ಮ ಹೊಣೆಯೇ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿ ವಿಧಿಸಿವೆ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಮನೆಯಲ್ಲಿ ಮಾತ್ರ ನುಡಿಸುವವರು ಕಡಮೆ ಡೆಸಿಬೆಲ್ಲಿನ ಸ್ಪೀಕರನ್ನೇ ಆರಿಸಿಕೊಂಡು, ಆಂಪ್ಲಿಫೈಯರನ್ನು ಕುರ್ಚಿಯ ಎತ್ತರಕ್ಕೇರಿಸಿ ತಮ್ಮತ್ತಲೇ ತುಸು ಓರೆಯಾಗಿ ಇಟ್ಟುಕೊಂಡರೆ, ಸಣ್ಣ ಸದ್ದಿನಲ್ಲಿಯೂ ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ.

ಕೊನೆಯದಾಗಿ, ಬಿಚ್ಚಿದ ಹಳೆಯ ಸ್ಪೀಕರನ್ನು ಗುಜರಿಯವನಿಗೆ ಹಾಕಬೇಡಿರಿ. ಯಂತ್ರದೊಡನೆ ಬಂದ ಮೂಲ ಸ್ಪೀಕರ್ ಒಡೆದಿದ್ದರೂ ಸಂಗ್ರಾಹಕರ ಕಣ್ಣಿನಲ್ಲಿ ಅದಕ್ಕೆ ಬೆಲೆಯಿದೆ. ಮುಂದೆ ಹೊಸ ಕೋನ್ ಹಾಕಿಸಲೂಬಹುದು. ಅದನ್ನು ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಬದಲಾಯಿಸಿದ ದಿನಾಂಕವನ್ನೂ ಓಮ್, ವ್ಯಾಟುಗಳನ್ನೂ ಒಂದು ಚೀಟಿಯಲ್ಲಿ ಬರೆದು ಅಂಟಿಸಿರಿ. ಮುಂದಿನ ಸಲ ಆ ಪೆಟ್ಟಿಗೆಯನ್ನು ತೆರೆಯುವ ಕೈ ನಿಮ್ಮ ಮಗಳದೋ ಮೊಮ್ಮಗನದೋ ಆಗಿರಬಹುದು.